ಹೂಳು, ಹೂತು, ಮಣ್ಣು ಮಾಡು

ಎದುರುಮನೆ ಹುಡುಗಿ ಫ್ರೆಂಚ್ ಕ್ಲಾಸಿಗೆ ಹೋಗ್ತಾಳೆ. ಮೊನ್ನೆ ಬಂದು, "ಅಂಕಲ್, ಆಂತೆರೇ ಅಂದ್ರೆ ಕನ್ನಡದಲ್ಲಿ ಏನು?" ಅಂದಳು. 'ಆಂ' ಅಂದರೆ ಒಳಗೆ, 'ತೇರ್' ಅಂದರೆ ಮಣ್ಣು. ಲ್ಯಾಟಿನ್ನಿನ 'ತೆರ್ರಾ'ದ ಮೊಮ್ಮಗು. "ಹೂಳು ಅಂತ ಬರ್ಕೋ" ಅಂದೆ.

ಆಮೇಲೆ ಅನುಮಾನ ಶುರುವಾಯ್ತು. ನಮ್ಮ ಮನೆಯವರನ್ನ 'ಹೂತ್ವಿ' ಅಂತ ಯಾರಾದರೂ ಅಂತೀವಾ? ನಮ್ಮ ರಾಜಾಜಿನಗರದ ಕಡೆ ಹರಿಶ್ಚಂದ್ರ ಘಾಟಿನಿಂದ ಬಂದವರನ್ನ ಕೇಳೋದು "ಮಣ್ಣು ಆಯ್ತಾ?" ಅಂತ. (ಸುಟ್ಟಿದ್ದರೂ ಕೆಲವರ ಬಾಯಲ್ಲಿ ಅದು ಮಣ್ಣೇ!) ಹೂಳೋದು ಕೇಬಲ್ಲು, ಪೈಪು. ಮನುಷ್ಯರಿಗೆ ಆ ಮಾತು ಬಂದರೆ "ಹೂತು ಹಾಕ್ಬಿಡ್ತೀನಿ" ಅನ್ನೋ ಬೈಗುಳದಲ್ಲಿ. ಫ್ರೆಂಚರು ಅಜ್ಜನಿಗೂ ಕೇಬಲ್ಲಿಗೂ ಒಂದೇ ಪದ ಇಟ್ಟುಕೊಂಡಿದ್ದಾರೆ.

ಈ ಹೂಳು ಹಳಗನ್ನಡದಲ್ಲಿ 'ಪೂೞ್'. 'ಪಾಲು' ಹಾಲಾದ ಹಾಗೆ ಪಕಾರ ಹಕಾರ ಆಯ್ತು. ತಮಿಳು, ಮಲಯಾಳಂನಲ್ಲಿ ಇನ್ನೂ ಉಳಿದಿರುವ ೞ ಅಕ್ಷರವನ್ನ ನಾವು ಕಳಕೊಂಡು ಳ ಮಾಡಿಕೊಂಡೆವು. ಸುಮಾರು 1260ರಲ್ಲಿ ಬರೆದ ಶಬ್ದಮಣಿದರ್ಪಣದಲ್ಲಿ ಕೇಶಿರಾಜ ೞ ಬರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯ್ತು, ಅಂದರೆ ಆಗಲೇ ಜನಕ್ಕೆ ಗೊಂದಲ! 'ಹೂೞ್ತು' ಸವೆದು 'ಹೂತು' ಆಯ್ತು. ಹಾಗಾಗಿ ಹೂ ಬಿಟ್ಟ ಮರವೂ 'ಹೂತ ಮರ', ಮಣ್ಣೊಳಗಿನ ನಿಧಿಯೂ 'ಹೂತ ನಿಧಿ'. ಬೇರೆ ಬೇರೆ ಬೇರು, ಒಂದೇ ರೂಪ.

ಪೂೞ್‌ಗೆ ಮುಚ್ಚು, ತುಂಬು ಅನ್ನೋ ಅರ್ಥವೂ ಇತ್ತು. ಕೆರೆಯ ಹೂಳು ಇದೇ ಪದ. ತೆಲುಗಿನಲ್ಲೂ ಹೀಗೇ: 'ಪೂಡು' ಅಂದರೆ ತಾನೇ ತುಂಬಿಕೊಳ್ಳೋದು, 'ಪೂಡ್ಚು' ಅಂದರೆ ಇನ್ನೊಬ್ಬರು ತುಂಬೋದು ಅಥವಾ ಹೂಳೋದು, ಕೆರೆಯ ಹೂಳು 'ಪೂಡಿಕ'. ಹೂಳು ಮಳೆನೀರಿನ ಜೊತೆ ತಾನಾಗೇ ಬಂದು ಕೂರುತ್ತೆ, ಅದನ್ನ ಎತ್ತಬಹುದು. ಹೂಳೋದಕ್ಕೆ ಮಾತ್ರ ಒಬ್ಬ ಕರ್ತೃ ಬೇಕು.

ಮೆಜೆಸ್ಟಿಕ್‌ನಲ್ಲಿ ರಾಜಾಜಿನಗರದ ಬಸ್ಸಿಗೆ ಕಾಯುವಾಗೆಲ್ಲ ಇದು ನೆನಪಾಗುತ್ತೆ. ಆ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದ ಕೊಳಾಯಿ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ನೀರು ಯಾರಿಗೂ ಬೇಡವಾಯ್ತು. "ಕೆರೆ ಹೂಳು ತುಂಬಿ ಹೋಯ್ತು" ಅಂತ ಹಿರಿಯರು ಹೇಳೋದು ಕೇಳಿದ್ದೀನಿ. ವ್ಯಾಕರಣದ ಪ್ರಕಾರ ಅದು ತಪ್ಪು. ನಾವು ಹೂತಿದ್ದು.

ಉತ್ತರ ಕರ್ನಾಟಕದವರು 'ಹುಗಿ' ಅಂತೀರಲ್ಲ, ನಿಮ್ಮ ಕಡೆ ಮನುಷ್ಯರಿಗೂ ಅದೇನಾ? ಹುಡುಗಿಗೆ ಉತ್ತರ ತಿದ್ದಿ ಕೊಡಬೇಕು.