ಕುತ್ತಿಗೆಯೋ ಎದೆಯೋ: ಅನ್ನನಾಳದ ಹೊಲಿಗೆ ಸೋರಿಕೆ ಮತ್ತು ಗಡಿನಾಡಿನ ರೋಗಿ

2021ರಲ್ಲಿ ‘ಜಾಮಾ ಸರ್ಜರಿ’ ಪತ್ರಿಕೆಯಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ‘ಐಕ್ಯಾನ್’ ಪ್ರಯೋಗವು ಶಸ್ತ್ರವೈದ್ಯರ ಹಳೆಯ ವ್ಯಾಜ್ಯವೊಂದನ್ನು ಬಗೆಹರಿಸಿತು ಎಂದು ಹಲವರು ಭಾವಿಸಿದ್ದಾರೆ. ಕ್ಯಾನ್ಸರ್ ತಗುಲಿದ ಅನ್ನನಾಳವನ್ನು ತೆಗೆದು, ಜಠರವನ್ನೇ ನಳಿಕೆಯಾಗಿ ಮೇಲಕ್ಕೆಳೆದ ಮೇಲೆ ಎರಡನ್ನೂ ಎದೆಯೊಳಗೆ ಹೊಲಿಯಬೇಕೋ ಕುತ್ತಿಗೆಯಲ್ಲೋ ಎಂಬುದೇ ಆ ವ್ಯಾಜ್ಯ. ಮರುಚಿಕಿತ್ಸೆ ಬೇಡುವಂಥ ಸೋರಿಕೆ ಎದೆಯ ಹೊಲಿಗೆಯಲ್ಲಿ ಶೇ. 12.3, ಕುತ್ತಿಗೆಯಲ್ಲಿ ಶೇ. 31.7. ಧ್ವನಿಯ ನರಕ್ಕೆ ತೊಂದರೆಯಾದದ್ದು ಎದೆಯ ಗುಂಪಿನಲ್ಲಿ ಒಬ್ಬರಿಗೂ ಇಲ್ಲ, ಕುತ್ತಿಗೆಯ ಗುಂಪಿನಲ್ಲಿ ಶೇ. 7.3. ಈ ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಆಂಧ್ರದ ಗಡಿಯ ಚಿಲಮತ್ತೂರಿನಂಥ ಊರಿನಿಂದ ಬೆಂಗಳೂರಿಗೆ ಬರುವ ರೋಗಿಯ ವಿಷಯದಲ್ಲಿ ಅವುಗಳಿಂದ ಹೊರಡಿಸುವ ತೀರ್ಪಿನ ಬಗ್ಗೆ ಇದೆ.

ಒಪ್ಪಿತವಾದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಅನ್ನನಾಳಕ್ಕೆ ಕರುಳಿಗಿರುವಂಥ ಗಟ್ಟಿ ಹೊರಪೊರೆ ಇಲ್ಲದ್ದರಿಂದ ಹೊಲಿಗೆ ಹಿಡಿದು ನಿಲ್ಲುವುದು ಕಷ್ಟ. ಜಠರದ ನಳಿಕೆ ಮುಖ್ಯವಾಗಿ ಬಲ ಗ್ಯಾಸ್ಟ್ರೋಎಪಿಪ್ಲೋಯಿಕ್ ಧಮನಿಯೊಂದನ್ನೇ ನಂಬಿ ಬದುಕುತ್ತದೆ. ಹೊಲಿಗೆ ಬೀಳುವುದು ಆ ಧಮನಿಯಿಂದ ಅತಿ ದೂರದ ತುದಿಗೆ; ಕಾಲುವೆಯ ಕೊನೆಯ ಗದ್ದೆಯ ಪಾಡೇ ಅದರದ್ದು. ಎದೆಯ ಹೊಲಿಗೆ 1946ರ ಐವರ್ ಲೂಯಿಸ್ ಪದ್ಧತಿಯಿಂದ ಬಂದದ್ದು. ಕುತ್ತಿಗೆಯದಕ್ಕೆ 1976ರ ಮೆಕ್ಯೂನ್ ಮತ್ತು 1978ರ ಓರಿಂಜರ್ ಪದ್ಧತಿಗಳು ದಾರಿ ಮಾಡಿದವು. ಸ್ಟೇಪ್ಲರ್ ಬಳಸಿ ಕುತ್ತಿಗೆಯ ಸೋರಿಕೆಯನ್ನು ಶೇ. 3ಕ್ಕಿಂತ ಕೆಳಗಿಳಿಸಿದ್ದಾಗಿ ಓರಿಂಜರ್ 2000ದಲ್ಲಿ ವರದಿ ಮಾಡಿದರು. 2012ರಲ್ಲಿ ಪ್ರಕಟವಾದ ದೆಹಲಿಯ ಪ್ರಯೋಗದಲ್ಲಿ ಮಾತ್ರ ಕೈಹೊಲಿಗೆ, ಸ್ಟೇಪ್ಲರ್ ಎರಡರಲ್ಲೂ ಸೋರಿಕೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಸೋರಿಕೆಯ ತೀವ್ರತೆಯನ್ನು ಈಗ ಅಳೆಯುವುದು 2015ರ ಅಂತರರಾಷ್ಟ್ರೀಯ ಒಪ್ಪಂದದ ಮೂರು ದರ್ಜೆಗಳಲ್ಲಿ: ಔಷಧಿ ಅಥವಾ ಆಹಾರದ ಬದಲಾವಣೆಯಲ್ಲೇ ಮುಗಿಯುವುದು, ಶಸ್ತ್ರಚಿಕಿತ್ಸೆಯಲ್ಲದ ಮಧ್ಯಪ್ರವೇಶ ಬೇಡುವುದು, ಮತ್ತೆ ಶಸ್ತ್ರಚಿಕಿತ್ಸೆ ಬೇಡುವುದು.

ಇನ್ನು ವಿವಾದದ ವಿಷಯ. ಐಕ್ಯಾನ್ ಯಾರನ್ನು ಅಧ್ಯಯನ ಮಾಡಿತು ಎಂಬುದು ಮೊದಲ ಪ್ರಶ್ನೆ. ಅಲ್ಲಿದ್ದವರು ಅನ್ನನಾಳದ ನಡು ಮತ್ತು ಕೆಳಭಾಗದ ಹಾಗೂ ಜಠರ ಕೂಡುವೆಡೆಯ ಗೆಡ್ಡೆಯ ರೋಗಿಗಳು. ಎರಡು ಕಡೆಯಲ್ಲೂ ಹೊಲಿಯಲು ಸಾಧ್ಯವಿದ್ದವರನ್ನು ಮಾತ್ರ ಹಾಗೆ ಚೀಟಿ ಎತ್ತಿ ಹಂಚಬಹುದು. ನಮ್ಮ ಕಡೆ ತಂಬಾಕು, ಎಲೆಅಡಿಕೆಯ ನಂಟಿನ ಸ್ಕ್ವೇಮಸ್ ಬಗೆಯೇ ಹೆಚ್ಚು. ಅದು ಮೇಲ್ಭಾಗದಲ್ಲೂ ಕಾಣಿಸಿಕೊಳ್ಳುತ್ತದೆ. ಗೆಡ್ಡೆ ಮೇಲಿದ್ದಷ್ಟೂ ರೋಗವಿಲ್ಲದ ಅಂಚು ಸಿಗಬೇಕಾದರೆ ಕುತ್ತಿಗೆಗೇ ಹೋಗಬೇಕಾಗುತ್ತದೆ. ಅಂಥವರ ಮಟ್ಟಿಗೆ ಐಕ್ಯಾನ್‌ನ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು, ಎಣಿಕೆಯೊಳಗೆ ಏನೇನು ಸೇರಿತು ಎಂಬುದು. ಕುತ್ತಿಗೆಯ ಸಾಧಾರಣ ಸೋರಿಕೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ರೂಪ ಗೊತ್ತು. ಆರನೆಯ ದಿನವೋ ಏಳನೆಯ ದಿನವೋ ಗಾಯದ ಸುತ್ತ ಕೆಂಪೇರಿ, ಬ್ಯಾಂಡೇಜು ನೊರೆಜೊಲ್ಲಿನಿಂದ ಒದ್ದೆಯಾಗುತ್ತದೆ. ಹಾಸಿಗೆಯಲ್ಲೇ ಎರಡು ಹೊಲಿಗೆ ಬಿಚ್ಚಿ ಗಾಯ ತೆರೆದಿಡುತ್ತಾರೆ. ದಿನವೂ ಬಟ್ಟೆ ಬದಲಿಸುತ್ತಾರೆ. ಸಣ್ಣಕರುಳಿಗೆ ಹಾಕಿದ ನಳಿಕೆಯಿಂದ ಆಹಾರ ಹೋಗುತ್ತಿರುತ್ತದೆ. ಬಹಳಷ್ಟು ಸಲ ಅದು ತಾನಾಗಿಯೇ ಮುಚ್ಚುತ್ತದೆ. ಎದೆಯ ಸೋರಿಕೆ ಹೀಗಲ್ಲ. ಜೊಲ್ಲು, ಜಠರರಸ ಹೃದಯದ ಹಿಂಬದಿಗೂ ಶ್ವಾಸಕೋಶದ ಸುತ್ತಲೂ ಹರಡುತ್ತದೆ. ಸಿಟಿ, ಎಂಡೋಸ್ಕೋಪಿ, ಕೀವು ಬಸಿಯುವ ಕೊಳವೆ, ಸ್ಟೆಂಟ್ ಬೇಕಾಗಬಹುದು. ಇಲ್ಲವೇ ಸ್ಪಂಜನ್ನು ರಂಧ್ರಕ್ಕಿಟ್ಟು ಸುಮಾರು 125 ಮಿ.ಮೀ. ಪಾದರಸದ ಒತ್ತಡದಲ್ಲಿ ಸತತ ಹೀರಿಸಿ, ಮೂರರಿಂದ ಐದು ದಿನಕ್ಕೊಮ್ಮೆ ಅದನ್ನು ಬದಲಿಸಬೇಕಾಗಬಹುದು. ಸಂಖ್ಯೆಯಲ್ಲಿ ಒಂದಕ್ಕೊಂದು ಸಮವಾದರೂ ಈ ಎರಡು ಸೋರಿಕೆಗಳ ತೂಕ ಒಂದೇ ಅಲ್ಲ.

ಇಷ್ಟಕ್ಕೇ ‘ಕುತ್ತಿಗೆಯ ಸೋರಿಕೆ ನಿರಪಾಯ’ ಎಂಬ ರೂಢಿಯ ಮಾತನ್ನು ಎತ್ತಿಹಿಡಿಯುವಂತಿಲ್ಲ. ಕುತ್ತಿಗೆಯ ಹೊಲಿಗೆ ಎದೆಯ ಬಾಗಿಲಿಗೇ ಕೂತಿರುತ್ತದೆ. ಕೆಲವೊಮ್ಮೆ ಕೀವು ಹೊರಗೆ ಬಾರದೆ ಒಳಗಿಳಿಯುತ್ತದೆ. ಐಕ್ಯಾನ್‌ನಲ್ಲಿ ತೀವ್ರ ತೊಡಕುಗಳೂ ಕುತ್ತಿಗೆಯ ಗುಂಪಿನಲ್ಲೇ ಹೆಚ್ಚು. ‘ಸಣ್ಣ ಆಸ್ಪತ್ರೆಯಾದರೆ ಕುತ್ತಿಗೆಯಲ್ಲಿ ಹೊಲಿಯಲಿ’ ಎಂಬ ವಾದವೂ ನಿಲ್ಲುವುದಿಲ್ಲ. ಸಿಟಿ, ಎಂಡೋಸ್ಕೋಪಿ, ತೀವ್ರನಿಗಾ ಘಟಕ ಹಗಲಿರುಳು ಸಿಗದ ಕಡೆ ಈ ಶಸ್ತ್ರಚಿಕಿತ್ಸೆಗೆ ಕೈಹಾಕಲೇಬಾರದು. ಅಮೆರಿಕದ ವೃದ್ಧ ರೋಗಿಗಳ ದಾಖಲೆಗಳನ್ನಿಟ್ಟು ಬರ್ಕ್‌ಮೇಯರ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ಅನ್ನನಾಳ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ತೀರ ವಿರಳವಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 20.3, ಹೆಚ್ಚು ಮಾಡುವಲ್ಲಿ ಶೇ. 8.4.

ಹಾಗಾದರೆ ನನ್ನ ತಕರಾರು ಉಳಿಯುವುದೆಲ್ಲಿ? ಆಸ್ಪತ್ರೆ ಸಜ್ಜಾಗಿದ್ದರೂ ರೋಗಿಯ ಊರು ಸಜ್ಜಾಗಿಲ್ಲದ ಕಡೆ. ಸೋರಿಕೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಐದರಿಂದ ಹತ್ತನೆಯ ದಿನದೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ. ಬೇಗ ಮನೆಗೆ ಕಳಿಸುವ ಇಂದಿನ ಪದ್ಧತಿಯಲ್ಲಿ ಎಂಟನೆಯ ದಿನ ಬಿಡುಗಡೆಯಾದ ಚಿಲಮತ್ತೂರಿನವರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಬಾಗೇಪಲ್ಲಿ ದಾಟಿ, ಕೊಡಿಕೊಂಡದಲ್ಲಿ ಹೆದ್ದಾರಿ ಬಿಟ್ಟು ಊರು ಸೇರುವ ಹೊತ್ತಿಗೆ ಬೆಂಗಳೂರು ನೂರು ಕಿಲೋಮೀಟರಿಗೂ ಹಿಂದೆ ಉಳಿದಿರುತ್ತದೆ. ಮರುದಿನ ಜ್ವರ, ಏದುಸಿರು, ಎದೆಬಡಿತ. ಅದು ನ್ಯುಮೋನಿಯಾದಂತೆಯೇ ಕಾಣುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟು ಎರಡು ದಿನ ಕಾಯುವುದು ಸಹಜ. ಎದೆಯ ಸೋರಿಕೆಯಲ್ಲಿ ಆ ಎರಡು ದಿನಗಳೇ ಪ್ರಾಣಕ್ಕೆ ಎರವಾಗಬಹುದು.

ಇಪ್ಪತ್ತು ದೇಶಗಳ 71 ಕೇಂದ್ರಗಳಿಂದ ಸುಮಾರು 1,500 ಸೋರಿಕೆಗಳನ್ನು ಕಲೆಹಾಕಿದ ‘ಟೆಂಟಕಲ್’ ಅಧ್ಯಯನದಲ್ಲಿ 90 ದಿನಗಳೊಳಗಿನ ಸಾವು ಶೇ. 11.7. ಮೊದಲ ಹಂತದಲ್ಲಿ ಹಗುರ ಚಿಕಿತ್ಸೆ ಪಡೆದವರಲ್ಲಿ ತೊಡಕುಗಳು ಕಡಿಮೆಯಿದ್ದವು. ಇದು ವೀಕ್ಷಣಾ ಅಧ್ಯಯನ. ಸೌಮ್ಯ ರೋಗಿಗಳೇ ಹಗುರ ಚಿಕಿತ್ಸೆಯ ಕಡೆ ಸರಿದಿರಬಹುದು. ಆದರೂ ಬೇಗ ಗುರುತಿಸಿದ ಸೋರಿಕೆಗೆ ಮಾತ್ರ ಹಗುರ ಚಿಕಿತ್ಸೆ ಸಾಲುತ್ತದೆ ಎಂದು ಓದಲು ಅಡ್ಡಿಯಿಲ್ಲವೆಂದು ತೋರುತ್ತದೆ.

ಆದ್ದರಿಂದ, ಎಲ್ಲ ಮಿತಿಗಳನ್ನೂ ಒಪ್ಪಿಕೊಂಡೇ, ನನ್ನ ಪ್ರತಿಪಾದನೆ ಇಷ್ಟು: ಹೊಲಿಗೆ ಎಲ್ಲಿರಬೇಕೆಂಬುದನ್ನು ಗೆಡ್ಡೆ ತೀರ್ಮಾನಿಸಲಿ, ಎರಡೂ ಸಾಧ್ಯವಿದ್ದಲ್ಲಿ ಐಕ್ಯಾನ್ ಹೇಳಿದಂತೆ ಎದೆಯೇ ಇರಲಿ, ಆದರೆ ಬಿಡುಗಡೆಯ ದಿನವನ್ನು ದೂರ ತೀರ್ಮಾನಿಸಲಿ. ಗಡಿಯಾಚೆಯ ರೋಗಿಯನ್ನು ಅಪಾಯದ ದಿನಗಳು ಕಳೆಯುವವರೆಗೆ ಆಸ್ಪತ್ರೆಯ ಬಳಿಯಲ್ಲೇ ಉಳಿಸಿಕೊಳ್ಳುವುದು ಸೌಜನ್ಯದ ಮಾತಲ್ಲ, ಸೋರಿಕೆ ಚಿಕಿತ್ಸೆಯ ಭಾಗ. ಕೈಯಲ್ಲಿ ಕೊಡುವ ಚೀಟಿ ಕನ್ನಡದಲ್ಲೂ ತೆಲುಗಿನಲ್ಲೂ ಇರಬೇಕು: ನಾಡಿ ನೂರು ದಾಟಿದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ ಬಾಯಿಂದ ಏನೂ ಕೊಡದೆ ಕೂಡಲೇ ಕರೆತನ್ನಿ. ನಳಿಕೆಯ ಆರೈಕೆಯನ್ನೂ ಮನೆಯವರಿಗೆ ಮಾಡಿ ತೋರಿಸಬೇಕು. ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸದಿದ್ದರೆ, ಮೊದಲೂ ಕೊನೆಗೂ ಕುದಿಸಿ ಆರಿಸಿದ ನೀರು ಹಾಯಿಸದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಆಗ ಹೊಲಿಗೆಗೆ ವಿಶ್ರಾಂತಿ ಕೊಡುವ ದಾರಿಯೇ ಮುಚ್ಚಿದಂತೆ.

ಎಷ್ಟು ದಿನ ಉಳಿಸಿಕೊಳ್ಳಬೇಕು, ಆ ದಿನಗಳ ಊಟ ವಸತಿಯ ಖರ್ಚನ್ನು ಯಾವ ರಾಜ್ಯ ಹೊರಬೇಕು ಎಂಬವು ಇನ್ನೂ ತೆರೆದ ಪ್ರಶ್ನೆಗಳು. ರೋಗಿಯ ಊರಿನ ದೂರವನ್ನು ಗೆಡ್ಡೆಯ ಅಳತೆಯ ಪಕ್ಕದಲ್ಲೇ ಬರೆದಿಡುವ ಅಧ್ಯಯನವೊಂದು ನಡೆದರೆ ಮೊದಲನೆಯದಕ್ಕಾದರೂ ಉತ್ತರ ಸಿಕ್ಕೀತು.