ಸ್ವಸ್ಥ ಬೋಧನೆ, ಅನ್ಯಭಾಷೆ ಮತ್ತು ಬಾಗಿಲು ಮುಚ್ಚಿದ ಕೋಣೆ

ಬಳ್ಳಾರಿ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಗೊತ್ತು. ಆಫೀಸ್ ಕ್ಯಾಬಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡು ಆ ಬೋರ್ಡನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಒಂದು ಸಂಜೆ ಪಕ್ಕದಲ್ಲಿ ಕೂತಿದ್ದ ಗೆಳೆಯ, "ಬ್ಯಾಪ್ಟಿಸ್ಟ್ ಅಂದ್ರೆ ಯಾರೋ? ಬೇರೆ ಚರ್ಚಿನವರಿಗೂ ಇವರಿಗೂ ಏನು ವ್ಯತ್ಯಾಸ?" ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ಮನಸ್ಸೂ ಬರಲಿಲ್ಲ! ಮನೆಗೆ ಬಂದು ಹುಡುಕಲು ಕೂತೆ. ಹುಡುಕುತ್ತಾ ಹೋದಾಗ ಸಿಕ್ಕ ಒಂದು ಜಗಳದ ಕಥೆಯೇ ಈ ಬರಹ.

1973ರಲ್ಲಿ ಈ ಆಸ್ಪತ್ರೆಯನ್ನು ಶುರು ಮಾಡಿದ್ದು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ಫಾರಿನ್ ಮಿಷನ್ ಬೋರ್ಡ್. (1989ರಲ್ಲಿ ಆಡಳಿತ ವೆಲ್ಲೂರಿನ ಸಿ.ಎಂ.ಸಿ.ಗೆ ಹೋಯಿತು.) 1997ರಲ್ಲಿ ಆ ಬೋರ್ಡಿನ ಹೆಸರು ಇಂಟರ್‌ನ್ಯಾಷನಲ್ ಮಿಷನ್ ಬೋರ್ಡ್ ಎಂದಾಯಿತು. ಇದೇ ಬೋರ್ಡು 2005ರಲ್ಲಿ ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಕೊಡಲು ಹೊರಟಿತು. ಮಿಷನರಿಯೊಬ್ಬ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಯಾವ ಮಾತಿನಲ್ಲಿ ಪ್ರಾರ್ಥನೆ ಮಾಡಬಹುದು?

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ.

ಒಂದು, "ಸ್ವಸ್ಥ ಬೋಧನೆ". ಪೌಲ ಎಂಬ ಅಪೊಸ್ತಲನ ಹೆಸರಿನಲ್ಲಿ ತಿಮೊಥೆಯ, ತೀತ ಎಂಬಿಬ್ಬರಿಗೆ ಬರೆದ ಪತ್ರಗಳಲ್ಲಿ ಈ ಮಾತು ಬರುತ್ತದೆ. ಮೂಲ ಗ್ರೀಕಿನಲ್ಲಿರುವ ಪದಕ್ಕೆ ಆರೋಗ್ಯವಾಗಿರುವುದು ಅಂತಲೇ ಅರ್ಥ. "ಹೈಜೀನ್" ಕೂಡ ಅದೇ ಬೇರಿನಿಂದ ಬಂದದ್ದು. ಕನ್ನಡ ಬೈಬಲ್ಲಿನ "ಸ್ವಸ್ಥ" ಅನ್ನುವ ಪದ ಆ ಅರ್ಥವನ್ನು ಚೆನ್ನಾಗಿ ಉಳಿಸಿಕೊಂಡಿದೆ. ಬೋಧನೆ ಸರಿಯಾಗಿದ್ದರಷ್ಟೇ ಸಾಲದು, ಕೇಳಿದವರನ್ನು ನೆಟ್ಟಗೆ ಇಡಬೇಕು ಅನ್ನುವ ಭಾವ ಅದರಲ್ಲಿದೆ.

ಎರಡು, "ಆತ್ಮಿಕ ವರಗಳು". ಪವಿತ್ರಾತ್ಮನು ವಿಶ್ವಾಸಿಗಳಿಗೆ ಕೊಡುವ ವರಗಳು. ಬೋಧಿಸುವುದು, ಸಹಾಯ ಮಾಡುವುದು, ರೋಗ ವಾಸಿಮಾಡುವುದು, ಪ್ರವಾದನೆ, ಅನ್ಯಭಾಷೆಗಳನ್ನಾಡುವುದು ಹೀಗೆ ಪಟ್ಟಿ ಉದ್ದ ಇದೆ. ಜಗಳ ಯಾವಾಗಲೂ ಕೊನೆಯ ಮೂರಕ್ಕೇ. ಸಹಾಯ ಮಾಡುವ ವರದ ಬಗ್ಗೆ ಯಾರೂ ಜಗಳ ಆಡಿದ್ದು ನಾನಂತೂ ಓದಿಲ್ಲ :)

ಈ ಜಗಳ ಹೊಸದೇನಲ್ಲ. ಕೊರಿಂಥ ಪಟ್ಟಣದ ಸಭೆಗೆ ಪೌಲ ಬರೆದ ಮೊದಲ ಪತ್ರದ 12ರಿಂದ 14ನೇ ಅಧ್ಯಾಯಗಳು ಪೂರ್ತಿ ಇದರ ಬಗ್ಗೆಯೇ ಇವೆ. ಅಲ್ಲಿಯವರು ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಅನ್ಯಭಾಷೆ ಆಡಿ ಗದ್ದಲ ಮಾಡುತ್ತಿದ್ದರು. ಪೌಲ ಹೇಳಿದ್ದರ ಸಾರಾಂಶ ಇಷ್ಟು: ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ಮೇಲು. ಆಡುವುದಾದರೆ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿದ್ದು ತನಗೂ ದೇವರಿಗೂ ಮಾತ್ರ ಹೇಳಿಕೊಳ್ಳಲಿ. ಆದರೆ ಅನ್ಯಭಾಷೆ ಆಡುವುದನ್ನು ಅಡ್ಡಿಪಡಿಸಬೇಡಿ. ಎಲ್ಲವೂ ಕ್ರಮವಾಗಿ ನಡೆಯಲಿ. ಈ ಮಾತುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈಗ ಬ್ಯಾಪ್ಟಿಸ್ಟರ ಕಡೆ ಬರೋಣ. 1609ರಲ್ಲಿ ಇಂಗ್ಲೆಂಡಿನಿಂದ ಓಡಿಹೋಗಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಒಂದು ಸಣ್ಣ ಗುಂಪಿನಿಂದ ಇವರ ಕಥೆ ಶುರು. ನಂಬಿಕೆಯನ್ನು ಸ್ವತಃ ಒಪ್ಪಿಕೊಂಡವರಿಗೆ ಮಾತ್ರ ದೀಕ್ಷಾಸ್ನಾನ, ಕೂಸುಗಳಿಗಲ್ಲ ಅನ್ನುವುದು ಇವರ ಹಟ. ಅವರಲ್ಲೊಬ್ಬನಾದ ಥಾಮಸ್ ಹೆಲ್ವಿಸ್ ಇಂಗ್ಲೆಂಡಿಗೆ ವಾಪಸ್ ಬಂದು 1612ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ರಾಜನಿಗೆ ಪ್ರಜೆಗಳ ಆತ್ಮದ ಮೇಲೆ ಅಧಿಕಾರವಿಲ್ಲ, ದೇವರ ಮುಂದೆ ಅವರವರ ಲೆಕ್ಕ ಅವರವರದು ಅನ್ನುವುದು ಅದರ ವಾದ. ಈ ಸ್ವಾತಂತ್ರ್ಯ ಮುಸ್ಲಿಮರಿಗೂ ಯಹೂದಿಗಳಿಗೂ ಇರಬೇಕು ಅಂತಲೂ ಬರೆದ. ಬಹುಮಾನವಾಗಿ ನ್ಯೂಗೇಟ್ ಜೈಲು ಸಿಕ್ಕಿತು, ಸುಮಾರು 1616ರ ಹೊತ್ತಿಗೆ ತೀರಿಕೊಂಡ. ಮನಸ್ಸಾಕ್ಷಿಯ ಸ್ವಾತಂತ್ರ್ಯ ಬ್ಯಾಪ್ಟಿಸ್ಟರಿಗೆ ಹುಟ್ಟಿನಿಂದಲೇ ಬಂದ ಗುಣ. ಅವರಲ್ಲಿ ಪ್ರತಿಯೊಂದು ಸ್ಥಳೀಯ ಸಭೆಯೂ ಸ್ವತಂತ್ರ, ಮೇಲಿನಿಂದ ಅಪ್ಪಣೆ ಕೊಡುವ ಬಿಷಪ್ ಇಲ್ಲ.

ಹಾಗಂತ ಸಿದ್ಧಾಂತದ ಬಗ್ಗೆ ಅಸಡ್ಡೆ ಇತ್ತು ಅಂದುಕೊಳ್ಳಬೇಡಿ. ಲಂಡನ್ನಿನ ಬ್ಯಾಪ್ಟಿಸ್ಟ್ ಸಭೆಗಳು 1689ರಲ್ಲಿ ಒಪ್ಪಿಕೊಂಡ ವಿಶ್ವಾಸ ಪ್ರಮಾಣ ಇಂದಿಗೂ ಪ್ರಸಿದ್ಧ. ದೇವರು ಹಿಂದೆ ತನ್ನ ಚಿತ್ತವನ್ನು ತಿಳಿಸುತ್ತಿದ್ದ ರೀತಿಗಳು ಈಗ ನಿಂತಿವೆ, ಬೈಬಲ್ಲೇ ಸಾಕು ಅನ್ನುವ ಅರ್ಥದ ಮಾತು ಅದರ ಮೊದಲ ಅಧ್ಯಾಯದಲ್ಲೇ ಇದೆ. ವರಗಳು ಅಪೊಸ್ತಲರ ಕಾಲಕ್ಕೇ ಮುಗಿದವು ಅನ್ನುವ ಬ್ಯಾಪ್ಟಿಸ್ಟರು ಇವತ್ತಿಗೂ ಇದನ್ನು ಎತ್ತಿ ತೋರಿಸುತ್ತಾರೆ.

1906ರಲ್ಲಿ ಗಾಳಿ ಬದಲಾಯಿತು. ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಹಳೇ ಕಟ್ಟಡವೊಂದರಲ್ಲಿ ವಿಲಿಯಂ ಸೀಮೋರ್ ಎಂಬ ಕಪ್ಪು ಬೋಧಕನ ಸಭೆಗಳಲ್ಲಿ ಜನ ಅನ್ಯಭಾಷೆಗಳನ್ನು ಆಡತೊಡಗಿದರು. ಇವು ನಿಜವಾದ ಪರದೇಶದ ಭಾಷೆಗಳು, ಕಲಿಯದೆಯೇ ಹೋಗಿ ಸುವಾರ್ತೆ ಸಾರಬಹುದು ಅಂತ ಮೊದಮೊದಲು ಅವರಲ್ಲಿ ಅನೇಕರು ನಂಬಿದ್ದರು. ಹಾಗೆ ನಂಬಿ ಹೊರಟವರಲ್ಲಿ ಆಲ್ಫ್ರೆಡ್ ಗಾರ್ ದಂಪತಿಗಳೂ ಇದ್ದರು. ತಮಗೆ ಬಂಗಾಳಿ ಸಿಕ್ಕಿದೆ ಅಂದುಕೊಂಡು ಕಲ್ಕತ್ತೆಗೆ ಬಂದರು. ಬಂಗಾಳಿಗಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ!

ತಮಾಷೆ ನೋಡಿ, 1907ರಲ್ಲಿ ಅಲ್ಲಿ ಅವರನ್ನು ಕರೆದು ಸಭೆ ನಡೆಸಲು ಜಾಗ ಕೊಟ್ಟದ್ದು ಲಾಲ್‌ಬಜಾರಿನ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್. ಅದು ವಿಲಿಯಂ ಕೇರಿಯ ಚರ್ಚು. ಕೇರಿ ಬೆವರು ಸುರಿಸಿ ಭಾಷೆಗಳನ್ನು ಕಲಿತವನು, 1817ರಲ್ಲೇ ಸೆರಾಂಪುರದಲ್ಲಿ ನಮ್ಮ ಕನ್ನಡಕ್ಕೊಂದು ವ್ಯಾಕರಣ ಅಚ್ಚು ಹಾಕಿಸಿದವನು. ಕಲಿತ ಭಾಷೆಯೂ ಕಲಿಯದ ಭಾಷೆಯೂ ಒಂದೇ ಸೂರಿನಡಿ ಎದುರಾದವು. ಗಾರ್ ತಮ್ಮ ಅನುಭವವನ್ನು ಬಿಡಲಿಲ್ಲ, ಆದರೆ ಅರ್ಥ ಬದಲಿಸಿಕೊಂಡರು. ಇದು ಊರಿನ ಜನಕ್ಕೆ ಬೋಧಿಸುವ ಭಾಷೆಯಲ್ಲ, ದೇವರೊಂದಿಗೆ ಆಡುವ ಭಾಷೆ ಅಂದರು. ನೂರು ವರ್ಷದ ನಂತರ ಸದರ್ನ್ ಬ್ಯಾಪ್ಟಿಸ್ಟರು ಜಗಳವಾಡಿದ "ಖಾಸಗಿ ಪ್ರಾರ್ಥನಾ ಭಾಷೆ" ಅಂದರೆ ಹೆಚ್ಚುಕಡಿಮೆ ಇದೇ.

1960ರ ನಂತರ ಈ ಅಲೆ ಹಳೆಯ ಚರ್ಚುಗಳ ಒಳಗೂ ಬಂತು. 1970ರ ದಶಕದಲ್ಲಿ ಡಲ್ಲಾಸ್ ಮುಂತಾದ ಕಡೆ ಅನ್ಯಭಾಷೆಯ ಸಭೆಗಳನ್ನು ಬ್ಯಾಪ್ಟಿಸ್ಟ್ ಸಂಘಗಳು ಹೊರಗೆ ಹಾಕಿದವು. 1987ರಲ್ಲಿ ದೇಶದೊಳಗಿನ ಕೆಲಸ ನೋಡಿಕೊಳ್ಳುವ ಹೋಮ್ ಮಿಷನ್ ಬೋರ್ಡ್, ಅನ್ಯಭಾಷೆ ಆಡುವವರನ್ನು ಮಿಷನರಿಗಳಾಗಿ ನೇಮಿಸುವುದಿಲ್ಲ ಅಂದಿತು.

ನವೆಂಬರ್ 2005ರಲ್ಲಿ ಇಂಟರ್‌ನ್ಯಾಷನಲ್ ಮಿಷನ್ ಬೋರ್ಡಿನ ಟ್ರಸ್ಟಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಭೆಯಲ್ಲಲ್ಲ, ಒಬ್ಬರೇ ಇದ್ದಾಗ ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಅಭ್ಯಾಸವಿದ್ದರೂ ಹೊಸ ಅಭ್ಯರ್ಥಿಗಳು ಅನರ್ಹರು! ಆಗ ಬೋರ್ಡಿನ ಕೈಕೆಳಗೆ ಐದು ಸಾವಿರಕ್ಕೂ ಹೆಚ್ಚು ಮಿಷನರಿಗಳಿದ್ದರು. ಈಗಾಗಲೇ ಕೆಲಸದಲ್ಲಿದ್ದವರಿಗೆ ನಿಯಮ ತಟ್ಟುವುದಿಲ್ಲ ಅಂತ ಹೇಳಿದರು. ಹೇಳಲೇಬೇಕಿತ್ತು, ಯಾಕೆಂದರೆ ಬೋರ್ಡಿನ ಅಧ್ಯಕ್ಷ ಜೆರ್ರಿ ರ‍್ಯಾಂಕಿನ್ ಅವರೇ ತಾವು ಹಾಗೆ ಪ್ರಾರ್ಥಿಸುವುದುಂಟು ಅಂತ ಒಪ್ಪಿಕೊಂಡಿದ್ದರು. ಅಧ್ಯಕ್ಷರು ಹೊಸದಾಗಿ ಅರ್ಜಿ ಹಾಕಿದ್ದರೆ ಅವರ ಸಂಸ್ಥೆಯಲ್ಲೇ ಅವರಿಗೆ ಕೆಲಸ ಸಿಗುತ್ತಿರಲಿಲ್ಲ.

ಟ್ರಸ್ಟಿಗಳ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯದಲ್ಲಿ ಶಿಷ್ಯರು ಆಡಿದ್ದನ್ನು ದೇಶದೇಶಗಳಿಂದ ಬಂದವರು ತಂತಮ್ಮ ಭಾಷೆಯಲ್ಲಿ ಕೇಳಿ ಅರ್ಥ ಮಾಡಿಕೊಂಡರು. ಅರ್ಥವಿಲ್ಲದ ಉಚ್ಚಾರಣೆಯನ್ನು ಬೈಬಲ್ಲಿನ ವರ ಅನ್ನುವುದು ಹೇಗೆ? ಅಲ್ಲದೆ ಮಿಷನರಿಗಳನ್ನು ಕಳಿಸುವುದು ಸಾವಿರಾರು ಸಭೆಗಳ ಹಣದಿಂದ. ಅನ್ಯಭಾಷೆ ಆಡುವವನೇ ದೊಡ್ಡ ಭಕ್ತ ಅನ್ನುವ ಮೇಲುಕೀಳು ಹೊಸ ಸಭೆಯೊಳಗೆ ಹೊಕ್ಕರೆ ಅದು ಒಡೆಯುತ್ತದೆ. ಕೊರಿಂಥದಲ್ಲಿ ಆದದ್ದೂ ಅದೇ ಅಲ್ಲವೇ? ಇದು ಸುಳ್ಳು ಭಯ ಅಂತ ನನಗೂ ಅನ್ನಿಸುವುದಿಲ್ಲ.

ವಿರೋಧ ಎದ್ದದ್ದು ಒಳಗಿನಿಂದಲೇ. ಓಕ್ಲಹೋಮಾದ ಪಾಸ್ಟರ್ ವೇಡ್ ಬರ್ಲಸನ್ ಆ ಬೋರ್ಡಿನಲ್ಲೇ ಟ್ರಸ್ಟಿಯಾಗಿದ್ದವರು. ಅವರು ಬಹಿರಂಗವಾಗಿ ಬರೆಯತೊಡಗಿದರು. ಅವರ ಪ್ರಶ್ನೆ, ಅನ್ಯಭಾಷೆ ಸರಿಯೋ ತಪ್ಪೋ ಅನ್ನುವುದಾಗಿರಲಿಲ್ಲ. ಕನ್ವೆನ್ಷನ್ 2000ದಲ್ಲಿ ಪರಿಷ್ಕರಿಸಿ ಒಪ್ಪಿಕೊಂಡ ವಿಶ್ವಾಸ ಪ್ರಮಾಣದಲ್ಲಿ ಇಂಥ ನಿಷೇಧ ಇಲ್ಲ, ಇಲ್ಲದ ಷರತ್ತನ್ನು ಸೇರಿಸಲು ನೀವು ಯಾರು ಅನ್ನುವುದಾಗಿತ್ತು. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಸ್ಪೆಕ್ಕಿನಲ್ಲಿ ಇಲ್ಲದ ಕಂಡೀಶನ್ನನ್ನು ಯಾರೋ ಕೋಡಿಗೆ ತುರುಕಿದ್ದರು. ಜನವರಿ 2006ರಲ್ಲಿ ಟ್ರಸ್ಟಿಗಳು ಅವರನ್ನು ತೆಗೆದುಹಾಕಲು ಶಿಫಾರಸು ಮಾಡಲು ಮತ ಹಾಕಿ, ಮಾರ್ಚಿನಲ್ಲಿ ಅದನ್ನು ವಾಪಸ್ ತೆಗೆದುಕೊಂಡರು.

ಅದೇ ಆಗಸ್ಟಿನಲ್ಲಿ ಟೆಕ್ಸಸ್‌ನ ಸೌತ್‌ವೆಸ್ಟರ್ನ್ ಸೆಮಿನರಿಯ ಚಾಪೆಲ್ಲಿನಲ್ಲಿ ಪಾಸ್ಟರ್ ಡ್ವೈಟ್ ಮೆಕಿಸಿಕ್, ತಾನು 1981ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದಾಗಿನಿಂದ ಹೀಗೆ ಪ್ರಾರ್ಥಿಸುತ್ತಿದ್ದೇನೆ ಅಂತ ಹೇಳಿಬಿಟ್ಟರು. ಸೆಮಿನರಿ ಆ ಪ್ರಸಂಗವನ್ನು ತನ್ನ ವೆಬ್‌ಸೈಟಿನಲ್ಲಿ ಇಡಲು ಒಪ್ಪಲಿಲ್ಲ. 2007ರಲ್ಲಿ ಅವರದೇ ಪ್ರಕಾಶನ ಸಂಸ್ಥೆ ಲೈಫ್‌ವೇ ಸಮೀಕ್ಷೆ ಮಾಡಿದಾಗ, ಕೆಲವರಿಗೆ ಇಂಥ ಪ್ರಾರ್ಥನಾ ಭಾಷೆಯ ವರ ಸಿಗುತ್ತದೆ ಎಂದು ನಂಬುವ ಸದರ್ನ್ ಬ್ಯಾಪ್ಟಿಸ್ಟ್ ಪಾಸ್ಟರುಗಳು ಶೇಕಡಾ 50. ಅಂದರೆ ಅರ್ಧಕ್ಕರ್ಧ!

ಕೊನೆಗೆ ಮೇ 2015ರಲ್ಲಿ, ಡೇವಿಡ್ ಪ್ಲಾಟ್ ಅಧ್ಯಕ್ಷರಾಗಿದ್ದಾಗ, ಬೋರ್ಡು ಆ ಅನರ್ಹತೆಯನ್ನು ತೆಗೆದುಹಾಕಿತು. ಆದರೆ ಬಾಗಿಲನ್ನು ಪೂರ್ತಿ ತೆರೆದಿಡಲಿಲ್ಲ. ಯಾವುದೇ ಒಂದು ವರ ಎಲ್ಲರಿಗೂ ಇರಲೇಬೇಕು ಅಂತ ಸತತವಾಗಿ ಒತ್ತಿಹೇಳಿ ಕೆಲಸಕ್ಕೆ ಭಂಗ ತಂದರೆ ಮಿಷನರಿಯನ್ನು ತೆಗೆಯಬಹುದು ಅಂತ ಉಳಿಸಿಕೊಂಡಿತು.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಕೊರಿಂಥದ ಪತ್ರ. ಪೌಲ ಗೆರೆ ಎಳೆದದ್ದೂ ಅಲ್ಲೇ ಅಲ್ಲವೇ? ಸಭೆಯಲ್ಲಿ ಕ್ರಮ ಬೇಕು, ಬೇರೆಯವರಿಗೆ ಉಪಯೋಗವಾಗಬೇಕು. ಒಬ್ಬನೇ ಇದ್ದಾಗ ಅವನು, ಅವನ ದೇವರು. ಹತ್ತು ವರ್ಷ ಜಗಳವಾಡಿ ಬೋರ್ಡು ಬಂದು ನಿಂತದ್ದು ಹೆಚ್ಚುಕಡಿಮೆ ಆ ಹಳೇ ಗೆರೆಯ ಹತ್ತಿರಕ್ಕೇ. ಆ ಹತ್ತು ವರ್ಷಗಳಲ್ಲಿ ಅರ್ಜಿ ಹಾಕಿ ಉತ್ತರ ನಿಜ ಹೇಳಿದ್ದಕ್ಕೇ ಮನೆಗೆ ಹೋದವರು, ಅಥವಾ ಅರ್ಜಿಯನ್ನೇ ಹಾಕದೆ ಸುಮ್ಮನಾದವರು ಏನಂದುಕೊಂಡರೋ.

ವರಗಳು ನಿಂತಿವೆಯೋ ಮುಂದುವರಿದಿವೆಯೋ ಅನ್ನುವುದನ್ನು ತೀರ್ಮಾನಿಸುವಷ್ಟು ನಾನು ದೊಡ್ಡವನಲ್ಲ. ಆ ವಾದ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಇನ್ನೂ ನಡೆದೇ ಇದೆ. ಆದರೆ ಒಂದು ಮಾತು ಅನ್ನಿಸುತ್ತೆ. ಬೋಧನೆಯ ಆರೋಗ್ಯ ಕಾಯಲು ನಿಯಮ ಬೇಕು, ಆದರೆ ಆ ನಿಯಮ ಬಾಗಿಲು ಮುಚ್ಚಿದ ಕೋಣೆಯೊಳಗೆ ಕಾಲಿಟ್ಟ ದಿನ ಹೆಲ್ವಿಸ್ ಯಾಕೆ ಜೈಲಿಗೆ ಹೋದ ಅನ್ನುವುದೇ ಮರೆತುಹೋಗುತ್ತದೆ. ರಾಜನಿಗೆ ಕೊಡದ ಅಧಿಕಾರವನ್ನು ಅವನ ವಂಶದವರು ಒಂದು ಬೋರ್ಡಿಗೆ ಕೊಟ್ಟುಬಿಟ್ಟಿದ್ದರು.

ಅಂದಹಾಗೆ, ಮರುದಿನ ಕ್ಯಾಬಿನಲ್ಲಿ ಗೆಳೆಯನಿಗೆ ಇಷ್ಟೂ ಕಥೆ ಹೇಳಿದೆ. ಫ್ಲೈಓವರ್ ಇಳಿಯುವ ಹೊತ್ತಿಗೆ ನಿದ್ದೆ ಹೋಗಿದ್ದ. ನೀವು ಇಲ್ಲಿಯವರೆಗೆ ಓದಿದ್ದರೆ ನಿಮಗೊಂದು ನಮಸ್ಕಾರ. ಗೆರೆ ಎಲ್ಲಿರಬೇಕು ಅಂತ ನಿಮಗನ್ನಿಸುತ್ತದೆ? ತಿಳಿಸಿ.