ಚಿತ್ರಕಥೆಯ ಓದು: ವೀರಗಲ್ಲಿನಿಂದ ಅಂತರಜಾಲದವರೆಗೆ

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ಮೌಖಿಕ ಪರಂಪರೆಗೆ ದೊರೆತಷ್ಟು ಗಮನ ದೃಶ್ಯ ಪರಂಪರೆಗೆ ದೊರೆತಿಲ್ಲ. ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹ ನಡೆದಷ್ಟು ವ್ಯಾಪಕವಾಗಿ, ಚಿತ್ರದ ಮೂಲಕ ಕಥೆಯನ್ನು ಕಂಡುಂಡ ಜನರ ಅನುಭವದ ಸಂಗ್ರಹ ನಡೆದಿಲ್ಲ. ಇಂದು ಗ್ರಾಫಿಕ್ ಕಾದಂಬರಿ, ಜಪಾನಿನ ಮಾಂಗಾ, ಅಂತರಜಾಲದ ಕಾಮಿಕ್ಸ್‌ಗಳು ಕನ್ನಡದ ತರುಣ ಓದುಗರ ಕೈಗೂ ಬಂದಿವೆ. ಇದು ಸಂಪೂರ್ಣವಾಗಿ ಹೊರಗಿನಿಂದ ಬಂದ ಅಭಿರುಚಿ ಎಂಬುದು ಸಾಮಾನ್ಯ ಅಭಿಪ್ರಾಯ. ಈ ರೂಪಗಳು ಹೊರಗಿನಿಂದ ಬಂದವೆಂಬುದು ನಿಜ. ಆದರೆ ಚಿತ್ರಗಳನ್ನು ಅನುಕ್ರಮವಾಗಿ ಓದಿ ಸಂತೋಷಪಡುವ ಅಭ್ಯಾಸ ಈ ನೆಲದಲ್ಲಿ ಬಹು ಹಳೆಯದು. ಹಾಗಾದರೆ ನಿಜವಾಗಿ ಬದಲಾದದ್ದೇನು ಎಂಬುದು ಇಲ್ಲಿ ವಿಚಾರಾರ್ಹ.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂತಹ ಊರುಗಳಿರುವ ಬಯಲುಸೀಮೆಯಿಂದಲೇ ಈ ವಿಚಾರವನ್ನು ಆರಂಭಿಸಬಹುದು. ಈ ಜಿಲ್ಲೆಯ ಅನೇಕ ಊರುಗಳ ಹೊರವಲಯದಲ್ಲಿ, ಗುಡಿಗಳ ಮಗ್ಗುಲಲ್ಲಿ ವೀರಗಲ್ಲುಗಳಿವೆ. ಸಾಮಾನ್ಯ ವಿನ್ಯಾಸದ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಹೋರಾಟ, ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವಸನ್ನಿಧಿ. ಕಥೆ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಒಂದೇ ಕಲ್ಲಿನಲ್ಲಿ ಒಬ್ಬನೇ ವ್ಯಕ್ತಿ ಮೂರು ಕಡೆ ಕಾಣಿಸಿಕೊಂಡರೂ ಅವರನ್ನು ಮೂವರೆಂದು ಯಾರೂ ಎಣಿಸುವುದಿಲ್ಲ. ಪಟ್ಟಿಕೆ ಬದಲಾದರೆ ಕಾಲವೂ ಲೋಕವೂ ಬದಲಾಗುತ್ತವೆ ಎಂಬ ತಿಳಿವಳಿಕೆ ನೋಡುಗನಲ್ಲಿ ಮೊದಲೇ ಇದೆ. ಚಿತ್ರಕಥೆಯ ಓದಿಗೆ ಬೇಕಾದ ಮೂಲಭೂತ ವ್ಯಾಕರಣ ಇದೇ ಆಗಿದೆ.

ಓದಿನ ದಿಕ್ಕು ಒಂದೇ ಆಗಿರಬೇಕಿಲ್ಲ ಎಂಬುದಕ್ಕೂ ಇಲ್ಲಿ ನಿದರ್ಶನಗಳಿವೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದ ದಕ್ಷಿಣ ಗೋಡೆಯ 70 ಫಲಕಗಳಲ್ಲಿ ರಾಮಾಯಣವಿದೆ. ಅದು ಪ್ರದಕ್ಷಿಣೆಯ ರೂಢಿಗೆ ವಿರುದ್ಧವಾಗಿ, ಅಪ್ರದಕ್ಷಿಣವಾಗಿ ಸಾಗುತ್ತದೆ. ಬಲದಿಂದ ಎಡಕ್ಕೆ ಓದಬೇಕಾದ ಮಾಂಗಾ ಪುಸ್ತಕ ಮೊದಲ ಸಲ ಕೈಗೆತ್ತಿಕೊಂಡವರನ್ನು ಗಲಿಬಿಲಿಗೊಳಿಸುತ್ತದೆ. ಆದರೆ ಕೆಳಗಿನಿಂದ ಮೇಲಕ್ಕೂ ಎಡಬಲ ಮಗುಚಿಯೂ ಕಥೆಯನ್ನು ಕೆತ್ತಿದ ನಾಡಿಗೆ ಈ ಗಲಿಬಿಲಿ ಹೊಸದೇನಲ್ಲ.

'ಚಿತ್ರಕಥೆ' ಎಂಬ ಪದಕ್ಕೂ ಇಂತಹದೇ ಹಿನ್ನೆಲೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ, ಚಿತ್ರಗಳನ್ನು ಇಟ್ಟುಕೊಂಡು ಕಥೆ ಹೇಳುವವನನ್ನು ಚಿತ್ರಕಥಕನೆಂದು ಕರೆಯಲಾಗಿದೆ. ಈ ಹೆಸರಿನಲ್ಲಿ ಚಿತ್ರ ಮತ್ತು ಕಥನ ಒಟ್ಟಿಗಿವೆ. ಜೊತೆಗೆ ಕಥಕನೆಂಬ ಮನುಷ್ಯನೂ ಇದ್ದಾನೆ. ಇಂದು ಕನ್ನಡದಲ್ಲಿ ಚಿತ್ರಕಥೆಯೆಂದರೆ ಕಾಮಿಕ್ಸ್ ಎಂದೂ ಆಗುತ್ತದೆ, ಚಲನಚಿತ್ರಕ್ಕಾಗಿ ಬರೆದ ದೃಶ್ಯಾನುಕ್ರಮವೆಂದೂ ಆಗುತ್ತದೆ. ಈ ಎರಡು ಅರ್ಥಗಳಲ್ಲಿಯೂ ಕಥೆ ಹೇಳುವವನು ಹೆಸರಿನಿಂದ ಮರೆಯಾಗಿದ್ದಾನೆ.

ಆ ಕಥಕ ಇತ್ತೀಚಿನವರೆಗೂ ಬಯಲುಸೀಮೆಯಲ್ಲಿ ಜೀವಂತವಾಗಿದ್ದುದು ತೊಗಲುಗೊಂಬೆಯಾಟದಲ್ಲಿ. ಮನೆಯಲ್ಲಿ ಮರಾಠಿಯ ಒಂದು ಪ್ರಭೇದವನ್ನಾಡುತ್ತ, ಆಟದಲ್ಲಿ ಕನ್ನಡವನ್ನೋ ತೆಲುಗನ್ನೋ ಬಳಸುವ ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದ ಕಲಾವಿದರು ಮಳೆ ಬಾರದಿದ್ದಾಗ, ಜಾತ್ರೆಗಳಲ್ಲಿ ಊರೂರಿಗೆ ಬಂದು ರಾಮಾಯಣ, ಮಹಾಭಾರತಗಳನ್ನು ಆಡಿ ತೋರಿಸುತ್ತಿದ್ದರು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಗಮನಾರ್ಹವಾದ ಎರಡು ಲಕ್ಷಣಗಳಿವೆ. ಮೊದಲನೆಯದಾಗಿ, ಒಂದೇ ತೊಗಲಿನಲ್ಲಿ ಹಲವು ಪಾತ್ರಗಳಿರುವ ಇಡೀ ದೃಶ್ಯವೇ ಕಡಿಯಲ್ಪಟ್ಟಿರುತ್ತದೆ. ಇಂತಹ ಗೊಂಬೆಯನ್ನು ಪರದೆಗೆ ಆನಿಸುವುದೆಂದರೆ ಕಥೆಯ ಒಂದು ಚೌಕಟ್ಟನ್ನು ತೆರೆದಿಟ್ಟಂತೆಯೇ. ಎರಡನೆಯದಾಗಿ, ಗೊಂಬೆಯ ಗಾತ್ರ ಪಾತ್ರದ ಅಂತಸ್ತನ್ನು ಸೂಚಿಸುತ್ತದೆ: ಅರಸನದು ದೊಡ್ಡದು, ಸಾಮಾನ್ಯನದು ಚಿಕ್ಕದು. ಭಾವದ ತೀವ್ರತೆಗೆ ತಕ್ಕಂತೆ ಮುಖವನ್ನು ಪುಟದ ತುಂಬ ಹಿಗ್ಗಿಸುವ, ನಗೆಯ ಸಂದರ್ಭದಲ್ಲಿ ಅದೇ ಪಾತ್ರವನ್ನು ಗೇಣುದ್ದಕ್ಕೆ ಕುಗ್ಗಿಸುವ ಮಾಂಗಾ ಕಲಾವಿದನ ಕ್ರಮ ಇದಕ್ಕೆ ದೂರದ್ದಲ್ಲ. ಗಂಭೀರ ಕಥೆಯ ನಡುವೆ ನುಗ್ಗಿ ಬರುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕರ ಹಾಸ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮುದ್ರಿತ ಚಿತ್ರಕಥೆ ಕನ್ನಡಕ್ಕೆ ಹಂತ ಹಂತವಾಗಿ ಬಂದಿತು. 1949ರಲ್ಲಿ ಕನ್ನಡದಲ್ಲಿ ಆರಂಭವಾದ 'ಚಂದಮಾಮ'ದಲ್ಲಿ ಚಿತ್ರ ಮತ್ತು ಬರಹ ಪುಟವನ್ನು ಹಂಚಿಕೊಂಡಿದ್ದವು. ಮಾತು ಇನ್ನೂ ಚಿತ್ರದೊಳಕ್ಕೆ ಇಳಿದಿರಲಿಲ್ಲ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ 'ಅಮರ ಚಿತ್ರ ಕಥೆ' ಎಂಬ ಮಾಲೆ ಕನ್ನಡದಲ್ಲಿ ಹೊರಬಂದಿತು. ಸಿಂಡರೆಲಾ ಮೊದಲಾದ ಹತ್ತು ಪಾಶ್ಚಾತ್ಯ ಕಥೆಗಳ ಅನುವಾದ ಅದರಲ್ಲಿದ್ದಿತು. ಅನಂತರ ಕಾರ್ಕಳದಲ್ಲಿ ಜನಿಸಿದ ಅನಂತ ಪೈ (1929–2011) ಅವರ ಸಂಪಾದಕತ್ವದಲ್ಲಿ ಮಾಲೆ ಭಾರತೀಯ ಪುರಾಣೇತಿಹಾಸಗಳತ್ತ ತಿರುಗಿತು. ಇಂಗ್ಲಿಷಿನ ಮೊದಲ ಪುಸ್ತಕ 'ಕೃಷ್ಣ'ಕ್ಕೆ ದೊರೆತ ಸಂಖ್ಯೆ 11. ಇಂಗ್ಲಿಷ್ ಮಾಲೆ ಒಂದರಿಂದಲ್ಲ, ಹನ್ನೊಂದರಿಂದ ಆರಂಭವಾದದ್ದೇಕೆ ಎಂದು ಕೇಳಿದವರಿಗೆ ಮಾತ್ರ ಕನ್ನಡದ ಹತ್ತು ಪುಸ್ತಕಗಳ ಕಥೆ ತಿಳಿಯುತ್ತದೆ. ದೇಶದಾದ್ಯಂತ ಲಕ್ಷಾಂತರ ಮಕ್ಕಳು ಓದಿದ ಮಾಲೆಯೊಂದರ ಕನ್ನಡ ಮೂಲ ಕೇವಲ ಒಂದು ಸಂಖ್ಯೆಯ ಅಂತರವಾಗಿ ಉಳಿದಿರುವುದು ವಿಷಾದದ ಸಂಗತಿ.

ಈ ಘಟ್ಟದಲ್ಲಿ ಆದ ನಿಜವಾದ ಬದಲಾವಣೆ ದನಿಗೆ ಸಂಬಂಧಿಸಿದ್ದು. ವೀರಗಲ್ಲಿನ ಕಥೆಯನ್ನು ಊರಿನ ಹಿರಿಯರು ಹೇಳಬೇಕಿತ್ತು. ತೊಗಲುಗೊಂಬೆಗೆ ಪರದೆಯ ಹಿಂದಿನ ಕಲಾವಿದ ದನಿ ಕೊಡಬೇಕಿತ್ತು. ಕಾಮಿಕ್ಸ್‌ನಲ್ಲಿ ಆ ದನಿ ಪಾತ್ರದ ಬಾಯಿಂದ ಹೊರಟ ಗುಳ್ಳೆಯೊಳಗೆ ಅಕ್ಷರವಾಗಿ ಕುಳಿತಿತು. ಸಮೂಹದ ನೋಟ ಒಬ್ಬಂಟಿಯ ಮೌನ ಓದಾಯಿತು. ಓದುಗನಿಗೆ ಇದರಿಂದ ಹೊಸ ಸ್ವಾತಂತ್ರ್ಯ ದೊರೆಯಿತು: ಬೇಕಾದಲ್ಲಿ ನಿಲ್ಲಬಹುದು, ಹಿಂದಿನ ಪುಟಕ್ಕೆ ಮರಳಬಹುದು, ಎರಡು ಚೌಕಗಳ ನಡುವೆ ನಡೆದುದನ್ನು ತಾನೇ ಊಹಿಸಬಹುದು. ಅದೇ ವೇಳೆಗೆ ಕಥಕನ ಅಗತ್ಯ ಇಲ್ಲವಾಯಿತು. ಕಾಮಿಕ್ಸ್‌ನ ಸುಖ ಮತ್ತು ಕಥಕನ ನಷ್ಟ ಒಂದೇ ಪ್ರಕ್ರಿಯೆಯ ಎರಡು ಮುಖಗಳು.

ಇದು ಕರ್ನಾಟಕಕ್ಕೆ ಸೀಮಿತವಾದ ವಿದ್ಯಮಾನವಲ್ಲ. ಜಪಾನಿನಲ್ಲಿ 1930ರ ದಶಕದಿಂದ 'ಕಾಮಿಶಿಬಾಯಿ' ಎಂಬ ಬೀದಿಯ ಚಿತ್ರಕಥನ ಪ್ರಚಾರದಲ್ಲಿದ್ದಿತು. ಕಥಕನು ಸೈಕಲ್ಲಿನ ಮೇಲೆ ಮರದ ಪುಟ್ಟ ರಂಗವನ್ನು ಹೊತ್ತು ತಂದು, ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುತ್ತಿದ್ದನು. ದೂರದರ್ಶನ ಬಂದ ಮೇಲೆ ಆ ಕಲೆ ಕುಗ್ಗಿತು. ಅದರ ಚಿತ್ರಕಾರರಲ್ಲಿ ಕೆಲವರು ಮಾಂಗಾ ರಚನೆಗೆ ಬಂದರು. ದೆವ್ವಭೂತಗಳ ಜನಪದ ನಂಬಿಕೆಗಳನ್ನು ಆಧರಿಸಿದ ಮಾಂಗಾಗಳಿಂದ ಪ್ರಸಿದ್ಧರಾದ ಶಿಗೆರು ಮಿಝುಕಿ (1922–2015) ಅವರಲ್ಲೊಬ್ಬರು. ಅಲ್ಲಿ ಬೀದಿಯ ಕಲಾವಿದನಿಗೆ ಪುಸ್ತಕದೊಳಗೆ ಸ್ಥಾನ ದೊರೆಯಿತು. ಕನ್ನಡದಲ್ಲಿ ಗೊಂಬೆಯಾಟದ ಕಲಾವಿದನಿಂದ ಮುದ್ರಿತ ಚಿತ್ರಕಥೆಗೆ ಅಂತಹ ಸೇತುವೆ ಕಟ್ಟಲ್ಪಡಲಿಲ್ಲ. ಎಂ. ಎಸ್. ನಂಜುಂಡರಾವ್ ಅವರ ಶ್ರಮದಿಂದ ತೊಗಲುಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯವನ್ನು ಸೇರಿದವು. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಗೌರವ ಸಂದಿತಾದರೂ ಪುಟ ದೊರೆಯಲಿಲ್ಲ.

ಸೇತುವೆ ಅಸಾಧ್ಯವಲ್ಲವೆಂಬುದನ್ನು 2011ರಲ್ಲಿ ಪ್ರಕಟವಾದ ಎರಡು ಗ್ರಾಫಿಕ್ ಕೃತಿಗಳು ತೋರಿಸಿವೆ. ಅಂಬೇಡ್ಕರ್ ಅವರ ಜೀವನವನ್ನು ಕುರಿತ 'ಭೀಮಾಯಣ'ದಲ್ಲಿ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಚೌಕಗಳನ್ನು ನಿರಾಕರಿಸಿ, ತಮ್ಮ ಮನೆಯಂಗಳದ 'ದಿಗ್ನಾ' ವಿನ್ಯಾಸದಿಂದ ಪುಟವನ್ನು ವಿಂಗಡಿಸಿದರು. ಅಲ್ಲಿ ಸೌಮ್ಯವಾದ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿದ್ದರೆ, ಕುಟುಕುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿಯಿದೆ. ಸಂಹಿತಾ ಅರ್ನಿ ಅವರ ಬರಹವಿರುವ 'ಸೀತಾಸ್ ರಾಮಾಯಣ'ದಲ್ಲಿ ಬಂಗಾಳದ ಪಟುವಾ ಕಲಾವಿದೆ ಮೊಯ್ನಾ ಚಿತ್ರಕಾರ್ ಅವರ ಸುರುಳಿಪಟದ ಶೈಲಿ ಪುಸ್ತಕರೂಪ ತಾಳಿದೆ. ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಕೆಳಗೆ ಸರಿಸುತ್ತ ಓದುವ ಕೊರಿಯಾದ ವೆಬ್‌ಟೂನ್‌ಗಳ ವಿನ್ಯಾಸವೂ ಬಿಚ್ಚುತ್ತ ಹೋಗುವ ಸುರುಳಿಪಟವನ್ನೇ ನೆನಪಿಸುತ್ತದೆ.

ಈ ಹಿನ್ನೆಲೆಯಲ್ಲಿ ಸಂಶೋಧಕರ ಮತ್ತು ಗ್ರಂಥಪಾಲಕರ ಮುಂದೆ ಒಂದು ಹೊಣೆಯಿದೆ. ಚಿತ್ರಕಥೆಯನ್ನು ಮಕ್ಕಳ ಕಪಾಟಿನ ಸಾಮಗ್ರಿಯೆಂದು ಬಗೆದು, ಹರಿದೊಡನೆ ರದ್ದಿಗೆ ಹಾಕುವ ರೂಢಿ ನಿಲ್ಲಬೇಕು. 1965ರ ಕನ್ನಡ ಪುಸ್ತಕಗಳನ್ನು ಬಾಲ್ಯದಲ್ಲಿ ಓದಿದವರು ಇಂದು ವೃದ್ಧಾಪ್ಯದಲ್ಲಿದ್ದಾರೆ. ಅವರಲ್ಲಿ ಗೊಂಬೆಯಾಟವನ್ನೂ ಕಂಡು ಕಾಮಿಕ್ಸನ್ನೂ ಓದಿದವರಿದ್ದರೆ, ದನಿಯಿಂದ ಮೌನಕ್ಕೆ ಆದ ಪಲ್ಲಟವನ್ನು ಸ್ವಂತ ಅನುಭವದಿಂದ ಹೇಳಬಲ್ಲವರು ಅವರೇ. ಪುಸ್ತಕದ ಒಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಆ ಓದಿನ ನೆನಪಿಗೆ ಎರಡನೆಯ ಪ್ರತಿಯಿಲ್ಲ.